ನೀಲಿ ಪರದೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ, ಮನೆಯಲ್ಲಿ ಅಡಿಕೆ ತೋಟ. ಎಲೆಯ ಫೋಟೊ ನೋಡಿ ಅಡಿಕೆಯ ಎಲೆಚುಕ್ಕಿ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಅದಕ್ಕೆಂದೇ ಅಪ್ಪ ಇಂಟೆಲ್ ಪ್ರೊಸೆಸರ್, ಎನ್ವಿಡಿಯಾ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಡಿಸಿದರು. ವಿಂಡೋಸ್ 11 ಜೊತೆಗೇ ಲಿನಕ್ಸ್‌ನ ಉಬುಂಟು 24.04 ಹಾಕಿಕೊಂಡೆ. ಒಂದು ವಿಡಿಯೊ ನೋಡಿ ಎನ್ವಿಡಿಯಾ ಜಾಲತಾಣದಿಂದ ಡ್ರೈವರ್‌ನ (ಕಾರ್ಡನ್ನು ಓಡಿಸುವ ತಂತ್ರಾಂಶದ) ಡಾಟ್ ರನ್ ಫೈಲ್ ಇಳಿಸಿ, ಅದು ಕೇಳಿದ್ದಕ್ಕೆಲ್ಲ 'ಎಸ್' ಎಂದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿನುಗುವ ಒಂದು ಗೀಟು. ಅಂಗಡಿಯವರು "ಲಿನಕ್ಸ್ ಹಾಕಿ ಕಾರ್ಡ್ ಸುಟ್ಟುಕೊಂಡಿದ್ದೀರಿ, ಬೋರ್ಡ್ ಬಿಚ್ಚಿ ನೋಡಬೇಕು" ಎಂದರು. ವಿಂಡೋಸ್‌ನಲ್ಲಿ ಮಾತ್ರ ಗೇಮ್ ಸಹಿತ ಎಲ್ಲ ಸರಿಯಾಗಿ ಓಡುತ್ತದೆ. ಉಬುಂಟು ಮತ್ತೆ ಹೊಸದಾಗಿ ಹಾಕಿ, ಈ ಸಲ 'ಅಡಿಷನಲ್ ಡ್ರೈವರ್ಸ್' ಮೂಲಕ ಡ್ರೈವರ್ ಹಾಕಿದೆ. ಅದು ಏನೋ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಆಗುವಾಗ ನೀಲಿ ಬಣ್ಣದ ಪರದೆ ಬಂತು, ಹೆದರಿ 'ಕಂಟಿನ್ಯೂ ಬೂಟ್' ಒತ್ತಿಬಿಟ್ಟೆ. ಈಗ ಡೆಸ್ಕ್‌ಟಾಪ್ ಬರುತ್ತದೆ, ಆದರೆ ಕಾರ್ಡಿನ ಸ್ಥಿತಿ ತೋರಿಸುವ ಎನ್ವಿಡಿಯಾ-ಎಸ್‌ಎಂಐ ಕಮಾಂಡ್ ಹೊಡೆದರೆ ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಎನ್ನುತ್ತದೆ. ಸೆಕ್ಯೂರ್ ಬೂಟ್ (ಆನ್ ಆಗುವಾಗ ಸಹಿ ನೋಡುವ ರಕ್ಷಣೆ) ಆಫ್ ಮಾಡು ಎಂದು ಸೀನಿಯರ್ ಹೇಳುತ್ತಾರೆ, ಮಾಡಲೇ? ಎನ್ವಿಡಿಯಾಕ್ಕೂ ಲಿನಕ್ಸ್‌ಗೂ ಆಗಿಬರುವುದಿಲ್ಲ ಎನ್ನುವುದು ನಿಜವೇ? ಎನ್ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ 'ಕೂಡಾ' (CUDA) ಎಂಬ ತಂತ್ರಾಂಶ ಬೇರೆಯಾಗಿ ಹಾಕಬೇಕೇ? ಪ್ರಾಜೆಕ್ಟ್ ತೋರಿಸಲು ಇನ್ನು ಐದು ವಾರ ಇದೆ.

ಉತ್ತರ: ನಿಮ್ಮ ಕಾರ್ಡ್ ಸುಟ್ಟಿಲ್ಲ, ಬೋರ್ಡೂ ಹೋಗಿಲ್ಲ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು, ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ವಿಂಡೋಸ್‌ನಲ್ಲಿ ಗೇಮ್ ಓಡುತ್ತಿದೆ ಎಂದರೆ ಕಾರ್ಡ್ ಜೀವಂತವಾಗಿದೆ. ಸುಟ್ಟ ಕಾರ್ಡ್ ಯಾವ ಆಪರೇಟಿಂಗ್ ಸಿಸ್ಟಂ ಎಂದು ನೋಡಿ ಸುಡುವುದಿಲ್ಲ. ದಯವಿಟ್ಟು ಲ್ಯಾಪ್‌ಟಾಪ್ ಬಿಚ್ಚಿಸಬೇಡಿ. ವಾರಂಟಿ ಇದ್ದರೆ ಅದನ್ನೂ ಕಳೆದುಕೊಳ್ಳಬಹುದು.

ನಿಮ್ಮ ಪತ್ರವನ್ನು ಓದುತ್ತಾ ನಾನು ನಿಂತದ್ದು ಒಂದೇ ವಾಕ್ಯದಲ್ಲಿ: "ಹೆದರಿ ಕಂಟಿನ್ಯೂ ಬೂಟ್ ಒತ್ತಿಬಿಟ್ಟೆ." ಈಗಿನ ತೊಂದರೆಯ ಮೂಲ ಬಹುಮಟ್ಟಿಗೆ ಅಲ್ಲೇ ಇದೆ. ಕಾಲೇಜು ಲ್ಯಾಬ್‌ಗಳ ಯಂತ್ರ ನೋಡಿಕೊಳ್ಳುವುದೇ ನನ್ನ ಕೆಲಸ. 'ಡ್ರೈವರ್ ಹಾಕಿದೆ, ಕೆಲಸ ಮಾಡುತ್ತಿಲ್ಲ' ಎಂದು ಬರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೇ ಇದು: ಮಧ್ಯೆ ನೀಲಿ ಪರದೆ ಬಂದಿತ್ತಾ? ಬಂದಿತ್ತು ಎಂದೇ ಹೆಚ್ಚಿನವರು ಹೇಳುತ್ತಾರೆ. ಕೆಲವರಿಗೆ ಅದು ಬಂದದ್ದೂ ಗೊತ್ತಿರುವುದಿಲ್ಲ, ಯಾಕೆಂದರೆ ಹತ್ತು ಸೆಕೆಂಡು ಯಾರೂ ಕೀ ಒತ್ತದಿದ್ದರೆ ಅದು ತಾನಾಗಿಯೇ ಹೋಗಿಬಿಡುತ್ತದೆ. ಟೀ ಕುಡಿಯಲು ಎದ್ದು ಹೋದವರು ಅದನ್ನು ನೋಡಿಯೇ ಇರುವುದಿಲ್ಲ.

ಆ ಪರದೆ ಏನು ಕೇಳುತ್ತಿತ್ತು ಎನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಗ್ರಾಫಿಕ್ಸ್ ಡ್ರೈವರ್ ಎಂದರೆ ಒಂದೇ ವಸ್ತುವಲ್ಲ, ಎರಡು ತುಂಡು. ಒಂದು ತುಂಡು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಹೋಗಿ ಕೂರುವ ಮಾಡ್ಯೂಲ್. ಇನ್ನೊಂದು ತುಂಡು ಹೊರಗಿರುವ ಲೈಬ್ರರಿಗಳು. ಚಿತ್ರ ಬಿಡಿಸುವ ಓಪನ್‌ಜಿಎಲ್, ವಲ್ಕನ್, ಲೆಕ್ಕ ಮಾಡಿಸುವ ಕೂಡಾ ಇವೆಲ್ಲ ಅಲ್ಲಿ ಬರುತ್ತವೆ. ಎರಡರ ಆವೃತ್ತಿಯೂ ಚಾಚೂ ತಪ್ಪದೆ ಒಂದೇ ಆಗಿರಬೇಕು. ನಿಮ್ಮ ಯಂತ್ರದಲ್ಲಿ ಎರಡೂ ಡಿಸ್ಕ್‌ನಲ್ಲಿ ಸರಿಯಾಗಿಯೇ ಕೂತಿರಬೇಕು. ಆದರೆ ಮೊದಲ ತುಂಡನ್ನು ಕರ್ನಲ್ ಒಳಗೆ ಬಿಟ್ಟುಕೊಂಡಿಲ್ಲ. ಸೆಕ್ಯೂರ್ ಬೂಟ್ ಆನ್ ಇರುವಾಗ ಉಬುಂಟುವಿನ ಕರ್ನಲ್, ತನಗೆ ಗುರುತಿರುವವರ ಡಿಜಿಟಲ್ ಸಹಿ ಇಲ್ಲದ ಮಾಡ್ಯೂಲ್ ಅನ್ನು ಮುಟ್ಟುವುದಿಲ್ಲ. ಎನ್ವಿಡಿಯಾ ಮಾಡ್ಯೂಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ತಯಾರಾದದ್ದು. ಅದಕ್ಕೆ ಸಹಿ ಹಾಕಲು ಉಬುಂಟು ಅಲ್ಲೇ ಒಂದು ಹೊಸ ಕೀ ಮಾಡಿಕೊಂಡಿತು. ಆ ಕೀ ನಿಮ್ಮದು. ಆದರೆ ಯಂತ್ರದ ಫರ್ಮ್‌ವೇರ್‌ಗೆ (ಆನ್ ಆದ ಕೂಡಲೇ ಓಡುವ ಒಳ ತಂತ್ರಾಂಶಕ್ಕೆ) ಅದರ ಪರಿಚಯವೇ ಇಲ್ಲ.

ಬ್ಯಾಂಕಿನಲ್ಲಿ ಮಾದರಿ ಸಹಿ ಕೊಟ್ಟಿರುತ್ತೀರಲ್ಲ, ಹಾಗೆಯೇ ಇದೂ. ಅಪ್ಪನ ಖಾತೆಗೆ ನಿಮ್ಮ ಸಹಿಯನ್ನೂ ಸೇರಿಸಬೇಕೆಂದರೆ ಫೋನಿನಲ್ಲಿ ಹೇಳಿದರೆ ಬ್ಯಾಂಕಿನವರು ಒಪ್ಪುವುದಿಲ್ಲ, ಖುದ್ದು ಬನ್ನಿ ಎನ್ನುತ್ತಾರೆ. ನೀಲಿ ಪರದೆ ಆ ಖುದ್ದು ಹಾಜರಿ. ಉಬುಂಟು ಶುರುವಾಗುವ ಮೊದಲೇ, ಕೀಬೋರ್ಡ್ ಮುಂದೆ ನಿಜವಾಗಿ ಮನುಷ್ಯರೊಬ್ಬರು ಕೂತು 'ಹೌದು, ಈ ಸಹಿ ನನ್ನದೇ' ಎಂದು ಹೇಳಬೇಕು. ಉಬುಂಟು ಒಳಗಿನಿಂದಲೇ ಅದು ಆಗುವಂತಿದ್ದರೆ ಒಳಗೆ ಸೇರಿಕೊಂಡ ಯಾವ ವೈರಸ್ ಬೇಕಾದರೂ ತನ್ನ ಸಹಿಯನ್ನು ತಾನೇ ಸೇರಿಸಿಕೊಳ್ಳುತ್ತಿತ್ತು. ನೀವು ಕಂಟಿನ್ಯೂ ಬೂಟ್ ಒತ್ತಿದಾಗ ಅರ್ಜಿ ರದ್ದಾಯಿತು. ಮುಂದಿನ ಸಲ ಆ ಪರದೆ ತಾನಾಗಿ ಬರುವುದಿಲ್ಲ, ಅರ್ಜಿ ಮತ್ತೆ ಹಾಕಬೇಕು. "ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಸರಿಯಾಗಲಿಲ್ಲ" ಎಂದು ಜನ ಹೇಳುವುದು ಇದಕ್ಕೇ.

ನನ್ನ ಊಹೆ ಸರಿಯೇ ಎಂದು ನೀವೇ ನೋಡಿಕೊಳ್ಳಬಹುದು. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ.) ಟರ್ಮಿನಲ್ ತೆರೆದು 'ಮೋಕ್‌ಯುಟಿಲ್ ಡ್ಯಾಶ್ ಡ್ಯಾಶ್ ಎಸ್‌ಬಿ ಡ್ಯಾಶ್ ಸ್ಟೇಟ್' ಎಂದು ಕೊಡಿ. ಸೆಕ್ಯೂರ್ ಬೂಟ್ ಎನೇಬಲ್ಡ್ ಎಂದು ಬರಬೇಕು. ಆಮೇಲೆ 'ಸುಡೊ ಮಾಡ್‌ಪ್ರೋಬ್ ಎನ್ವಿಡಿಯಾ'. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬೈದರೆ ಸಂಶಯವೇ ಬೇಡ, ಸಹಿಯದ್ದೇ ಸಮಸ್ಯೆ. 'ಮಾಡ್ಯೂಲ್ ನಾಟ್ ಫೌಂಡ್' ಎಂದರೆ ಕಥೆ ಬೇರೆ. ಮಾಡ್ಯೂಲ್ ತಯಾರೇ ಆಗಿಲ್ಲ ಎಂದರ್ಥ, ಅದಕ್ಕೆ ಕೆಳಗೆ ಬರುತ್ತೇನೆ.

ಸಹಿಯದ್ದೇ ಆಗಿದ್ದರೆ ಪರಿಹಾರ ಹತ್ತು ನಿಮಿಷದ ಕೆಲಸ. ಉಬುಂಟು ಮಾಡಿಕೊಂಡ ಕೀ 'ವಾರ್' ಫೋಲ್ಡರಿನ ಒಳಗೆ ಲಿಬ್, ಅದರೊಳಗೆ ಶಿಮ್-ಸೈನ್ಡ್, ಅದರೊಳಗೆ ಮೋಕ್ ಎಂಬಲ್ಲಿ ಇರುತ್ತದೆ. ಮೋಕ್ ಎಂದರೆ ಯಂತ್ರದ ಮಾಲೀಕರು ತಾವೇ ಸೇರಿಸುವ ಕೀ. ಫೈಲಿನ ಹೆಸರು ದೊಡ್ಡಕ್ಷರದಲ್ಲಿ ಮೋಕ್, ಆಮೇಲೆ ಡಾಟ್ ಡೆರ್. 'ಸುಡೊ ಮೋಕ್‌ಯುಟಿಲ್ ಡ್ಯಾಶ್ ಡ್ಯಾಶ್ ಇಂಪೋರ್ಟ್' ಎಂದು ಬರೆದು, ಮುಂದೆ ಆ ಫೈಲಿನ ಪೂರ್ತಿ ದಾರಿ ಕೊಡಿ. ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲ ಬಳಸಿ ಬಿಸಾಡುವಂಥದ್ದು. ಎಂಟು ಸಾದಾ ಅಕ್ಷರ ಸಾಕು, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಕೊಟ್ಟು ಅಲ್ಲೇ ಕೂತಿರಿ. ನೀಲಿ ಪರದೆ ಬಂದ ತಕ್ಷಣ ಯಾವುದಾದರೂ ಕೀ ಒತ್ತಿ. 'ಎನ್‌ರೋಲ್ ಮೋಕ್', ಆಮೇಲೆ 'ಕಂಟಿನ್ಯೂ', ಆಮೇಲೆ 'ಎಸ್', ಆಮೇಲೆ ಚೀಟಿಯಲ್ಲಿರುವ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಗಾಬರಿಯಾಗಬೇಡಿ. ಕೊನೆಗೆ 'ರೀಬೂಟ್'. ಉಬುಂಟು ಬಂದ ಮೇಲೆ ಎನ್ವಿಡಿಯಾ-ಎಸ್‌ಎಂಐ ಕೊಟ್ಟರೆ ಕಾರ್ಡಿನ ಹೆಸರು, ತಾಪಮಾನ, ಮೆಮೊರಿ ಇರುವ ಚೌಕಟ್ಟು ಬರಬೇಕು.

ಇದಕ್ಕಿಂತ ಸುಲಭದ ಇನ್ನೊಂದು ದಾರಿ ಇದೆ, ವಿಡಿಯೊಗಳಲ್ಲಿ ಯಾಕೋ ಯಾರೂ ಹೇಳುವುದಿಲ್ಲ. ಉಬುಂಟು ತಯಾರಿಸುವ ಕ್ಯಾನೊನಿಕಲ್ ಕಂಪನಿಯೇ ತನ್ನ ಕರ್ನಲ್‌ಗಳಿಗೆ ಹೊಂದುವ ಎನ್ವಿಡಿಯಾ ಮಾಡ್ಯೂಲ್‌ಗಳನ್ನು ಮೊದಲೇ ತಯಾರಿಸಿ, ತನ್ನದೇ ಸಹಿ ಹಾಕಿ ಇಟ್ಟಿರುತ್ತದೆ. ಪ್ಯಾಕೇಜಿನ ಹೆಸರು 'ಲಿನಕ್ಸ್-ಮಾಡ್ಯೂಲ್ಸ್-ಎನ್ವಿಡಿಯಾ' ಎಂದು ಶುರುವಾಗುತ್ತದೆ. ಆ ಸಹಿ ಯಂತ್ರಕ್ಕೆ ಮೊದಲೇ ಗೊತ್ತು. ನೀಲಿ ಪರದೆಯೂ ಇಲ್ಲ, ಚೀಟಿಯೂ ಬೇಡ, ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಕಂಪೈಲ್ ಮಾಡುವುದೂ ಇಲ್ಲ. 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಎಂಬ ಕಮಾಂಡ್ ಸಾಧ್ಯವಿದ್ದಲ್ಲಿ ಇದನ್ನೇ ಆರಿಸಿಕೊಳ್ಳುತ್ತದೆ. ನೀವು ಮುಂದೆ ಯಾವತ್ತಾದರೂ ಹೊಸದಾಗಿ ಉಬುಂಟು ಹಾಕಿದರೆ ಮೊದಲು ಇದನ್ನೇ ಮಾಡಿ. ಈಗ ಇರುವ ಯಂತ್ರಕ್ಕೆ ಮೋಕ್ ದಾರಿಯೇ ಸಾಕು, ಸರಿಯಾಗುತ್ತಿರುವುದನ್ನು ಮತ್ತೆ ಕೆದಕುವುದು ಬೇಡ.

ಇನ್ನು ಸೆಕ್ಯೂರ್ ಬೂಟ್ ಆಫ್ ಮಾಡುವ ಮಾತು. ನಿಮ್ಮ ಸೀನಿಯರ್ ಹೇಳಿದ್ದು ತಪ್ಪಲ್ಲ. ಆಫ್ ಮಾಡಿದರೆ ಕರ್ನಲ್ ಸಹಿ ಕೇಳುವುದಿಲ್ಲ, ಡ್ರೈವರ್ ಓಡುತ್ತದೆ. ವಿಂಡೋಸ್ 11 ಕೂಡ ಸಾಮಾನ್ಯವಾಗಿ ಶುರುವಾಗುತ್ತದೆ, ಕೆಲವು ಆನ್‌ಲೈನ್ ಗೇಮ್‌ಗಳು ಮಾತ್ರ ತಕರಾರು ತೆಗೆಯುತ್ತವೆ. ಆದರೆ ಅವರು ಹೇಳದ ಒಂದು ಅಪಾಯ ಇದೆ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಶನ್' ಎಂಬ ಡಿಸ್ಕಿನ ಬೀಗ ನೀವು ಕೇಳದೆಯೇ ಆನ್ ಆಗಿರಬಹುದು. ಸೆಕ್ಯೂರ್ ಬೂಟ್ ಬದಲಾಯಿಸಿದ ಕೂಡಲೇ ಅದು ಏನೋ ಎಡವಟ್ಟಾಗಿದೆ ಎಂದು ಅನುಮಾನಿಸಿ, ಮುಂದಿನ ಸಲ ವಿಂಡೋಸ್ ತೆರೆಯುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಖಾತೆ ತೆರೆದವರು ಅಂಗಡಿಯವರಾಗಿದ್ದರೆ? ಇಂಥದ್ದನ್ನು ನಾನು ನೋಡಿದ್ದೇನೆ. ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪನ್ನು ಕೊಂಡ ದಿನ ಅಂಗಡಿಯಲ್ಲೇ ಯಾರದೋ ಇಮೇಲ್ ಹಾಕಿ ಚಾಲೂ ಮಾಡಿ ಕೊಟ್ಟಿದ್ದರು, ಆ ಇಮೇಲ್ ಯಾರದೆಂದು ಯಾರಿಗೂ ನೆನಪಿರಲಿಲ್ಲ. ವಿಂಡೋಸ್ ಭಾಗದಲ್ಲಿದ್ದ ಎರಡು ವರ್ಷದ ಫೋಟೊಗಳು ಅಲ್ಲೇ ಉಳಿದವು.

ಹಾಗಾಗಿ ಆಫ್ ಮಾಡಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ವಿಂಡೋಸ್‌ಗೆ ಹೋಗಿ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಆನ್ ಇದ್ದರೆ ಕೀಯನ್ನು ಬರೆದಿಟ್ಟುಕೊಂಡು, ಸಾಧ್ಯವಿದ್ದರೆ ರಕ್ಷಣೆಯನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ, ಆಮೇಲೆ ಬಯಾಸ್‌ಗೆ (ಸೆಕ್ಯೂರ್ ಬೂಟ್ ಇರುವ ಸೆಟ್ಟಿಂಗ್ ಪರದೆಗೆ) ಕೈ ಹಾಕಿ. ನಿಮ್ಮ ಸಂದರ್ಭದಲ್ಲಿ ಅದು ಬೇಕಾಗುವುದಿಲ್ಲ. ನನ್ನ ಲ್ಯಾಬಿನ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇಟ್ಟೇ ಎನ್ವಿಡಿಯಾ ಓಡಿಸುತ್ತಿದ್ದೇನೆ.

ಮೊದಲ ಸಲದ ಕಪ್ಪು ಪರದೆಯ ಲೆಕ್ಕ ಬೇರೆ. ಅದರಲ್ಲಿ ತಪ್ಪು ನಿಮ್ಮದಲ್ಲ, 'ಎಲ್ಲದಕ್ಕೂ ಎಸ್ ಒತ್ತಿ' ಎಂದ ವಿಡಿಯೊದ್ದು. ಡಾಟ್ ರನ್ ಫೈಲ್ ಎನ್ವಿಡಿಯಾದ ಅಧಿಕೃತ ಫೈಲೇ, ಕೆಟ್ಟದ್ದಲ್ಲ. ಆದರೆ ಅದು ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆಗೆ ಹೇಳದೆ ಕೇಳದೆ ಹಿತ್ತಲ ಬಾಗಿಲಿನಿಂದ ಫೈಲುಗಳನ್ನು ತಂದು ಸುರಿಯುತ್ತದೆ. ಏನೇನು ಎಲ್ಲಿ ಬಿತ್ತು ಎಂಬ ಲೆಕ್ಕ ಉಬುಂಟು ಹತ್ತಿರ ಇರುವುದಿಲ್ಲ. ನಿಮ್ಮ ಯಂತ್ರದಲ್ಲಿ ನಡೆದಿರಬಹುದಾದದ್ದು ಇಷ್ಟು. ಉಬುಂಟು ಜೊತೆಗೇ ಬರುವ ನೂವೋ ಎಂಬ ಮುಕ್ತ ಡ್ರೈವರ್ ಎನ್ವಿಡಿಯಾ ಕಾರ್ಡನ್ನು ಹಿಡಿದುಕೊಂಡಿತ್ತು. ಒಂದೇ ಕಾರ್ಡನ್ನು ಎರಡು ಡ್ರೈವರ್ ಹಿಡಿಯಲು ಆಗದ ಕಾರಣ ಇನ್‌ಸ್ಟಾಲರ್ ನೂವೋವನ್ನು ಕಪ್ಪುಪಟ್ಟಿಗೆ ಸೇರಿಸಿತು. ಹೊಸ ಮಾಡ್ಯೂಲ್‌ಗೆ ಸರಿಯಾದ ಸಹಿ ಇರದ ಕಾರಣ ಕರ್ನಲ್ ಅದನ್ನೂ ಬಿಟ್ಟುಕೊಳ್ಳಲಿಲ್ಲ. ಹಳಬನನ್ನು ಕಳಿಸಿಯಾಗಿತ್ತು, ಹೊಸಬ ಗೇಟಿನ ಹೊರಗೆ. ಇಷ್ಟಾದರೂ ಇಂಟೆಲ್ ಗ್ರಾಫಿಕ್ಸ್ ಇತ್ತಲ್ಲ, ಪರದೆ ಬರಬೇಕಿತ್ತು. ಇಲ್ಲಿಯೇ ಕೊನೆಯ 'ಎಸ್' ಏಟು ಕೊಟ್ಟಿರುವುದು. 'ಎಕ್ಸ್ ಕಾನ್ಫಿಗರೇಶನ್ ಫೈಲ್ ಬದಲಾಯಿಸಲೇ' ಎಂದು ಅದು ಕೇಳುತ್ತದೆ. ಎಕ್ಸ್ ಎಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ. ಎಸ್ ಎಂದರೆ 'ಪರದೆಗೆ ಎನ್ವಿಡಿಯಾ ಒಂದೇ ದಿಕ್ಕು' ಎಂದು ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಫೈಲಿನಲ್ಲಿ ಬರೆದಿಡುತ್ತದೆ. ಎರಡು ಗ್ರಾಫಿಕ್ಸ್ ಇರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಪರದೆಯ ತಂತಿ ಹೋಗುವುದು ಇಂಟೆಲ್‌ಗೆ, ಎನ್ವಿಡಿಯಾಕ್ಕಲ್ಲ. ಹೀಗೆ ಬರೆದ ಮೇಲೆ ಕಪ್ಪು ಪರದೆ ಬರದೆ ಇನ್ನೇನು ಬರಬೇಕು.

ಮತ್ತೊಮ್ಮೆ ಹೀಗಾದರೆ ಉಬುಂಟು ಅಳಿಸಿ ಹೊಸದಾಗಿ ಹಾಕಬೇಕಿಲ್ಲ. ಕಪ್ಪು ಪರದೆಯ ಹಿಂದೆ ಯಂತ್ರ ಬಹುತೇಕ ಎಚ್ಚರವಾಗಿಯೇ ಇರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಲಾಗಿನ್ ಪರದೆ ಸಿಗುತ್ತದೆ. ಅದೂ ಬರದಿದ್ದರೆ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ ಯಾವ ಸಿಸ್ಟಂ ಬೇಕೆಂದು ಕೇಳುವ ಗ್ರಬ್ ಮೆನು ತನ್ನಿ; ಡ್ಯುಯಲ್ ಬೂಟ್ ಇರುವ ನಿಮ್ಮ ಯಂತ್ರದಲ್ಲಿ ಅದು ತಾನಾಗಿಯೇ ಬರುತ್ತಿರಬಹುದು. ಉಬುಂಟು ಸಾಲಿನ ಮೇಲೆ ನಿಂತು 'ಇ' ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 'ನೊಮೋಡ್‌ಸೆಟ್' ಎಂದು ಸೇರಿಸಿ ಎಫ್10 ಒತ್ತಿ. ಒಳಗೆ ಹೋದ ಮೇಲೆ ಹಳೆಯ ಎನ್ವಿಡಿಯಾ ಪ್ಯಾಕೇಜ್‌ಗಳನ್ನು ಆಪ್ಟ್ ಪರ್ಜ್ ಎಂಬ ಕಮಾಂಡ್ ಮೂಲಕ ತೆಗೆದು, ಆ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಫೈಲಿನ ಹೆಸರು ಬದಲಿಸಿದರೆ ಡೆಸ್ಕ್‌ಟಾಪ್ ವಾಪಸ್ ಬರುತ್ತದೆ. ಡಾಟ್ ರನ್‌ನಿಂದ ಹಾಕಿದ್ದಾದರೆ ಆಪ್ಟ್‌ಗೆ ಅದು ಕಾಣುವುದಿಲ್ಲ, 'ಎನ್ವಿಡಿಯಾ-ಅನ್‌ಇನ್‌ಸ್ಟಾಲ್' ಎಂಬ ಅದರದ್ದೇ ಕಮಾಂಡ್ ಇದೆ. ಆಪ್ಟ್ ಏನನ್ನೇ ತೆಗೆಯುವ ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಆ ಪಟ್ಟಿಯನ್ನು ಓದಿ. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್ ಎಂಬ ಹೆಸರು ಕಂಡರೆ ನಿಲ್ಲಿಸಿ, ಒಪ್ಪಿಗೆ ಕೊಡಬೇಡಿ.

ನೊಮೋಡ್‌ಸೆಟ್ ಬಗ್ಗೆ ಒಂದು ಮಾತು. ಅದು ಕಾಲು ಮುರಿದಾಗ ಹಿಡಿಯುವ ಊರುಗೋಲು. ಕೆಲವರು ಅದನ್ನು ಗ್ರಬ್ ಫೈಲಿನಲ್ಲಿ ಕಾಯಂ ಬರೆದಿಟ್ಟು, "ಲಿನಕ್ಸ್ ಬಂತು, ಆದರೆ ಎಮ್ಮೆ ಥರ ನಿಧಾನ" ಎಂದು ನನ್ನ ಹತ್ತಿರ ಬರುತ್ತಾರೆ. ಅದು ಇರುವಷ್ಟು ದಿನ ಇಂಟೆಲ್ ಡ್ರೈವರ್ ಕೂಡ ಕೈಕಟ್ಟಿ ಕೂರುತ್ತದೆ, ಪರದೆಯ ಚಿತ್ರವನ್ನೆಲ್ಲ ಪ್ರೊಸೆಸರ್ರೇ ಬಿಡಿಸಬೇಕಾಗುತ್ತದೆ.

ಎನ್ವಿಡಿಯಾಕ್ಕೂ ಲಿನಕ್ಸ್‌ಗೂ ಆಗಿಬರುವುದಿಲ್ಲವೇ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ನಿಜವೇ ಇತ್ತು. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಜನಕ ಲೀನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಎನ್ವಿಡಿಯಾಕ್ಕೆ ನಡುಬೆರಳು ತೋರಿಸಿದ್ದು ಇಂದಿಗೂ ಓಡಾಡುತ್ತಿರುವ ವಿಡಿಯೊ. ಜಗಳದ ಬೇರು ಮಾತ್ರ ತಾಂತ್ರಿಕವಾದದ್ದು. ಇಂಟೆಲ್, ಎಎಂಡಿ ಡ್ರೈವರ್‌ಗಳು ಲಿನಕ್ಸ್ ಕರ್ನಲ್ ಒಳಗೇ ಬೆಳೆಯುತ್ತವೆ. ಕರ್ನಲ್ ಬದಲಾದಾಗ ಅವೂ ಜೊತೆಗೇ ಬದಲಾಗುತ್ತವೆ, ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಎನ್ವಿಡಿಯಾ ತನ್ನದನ್ನು ಹೊರಗೇ ಇಟ್ಟುಕೊಂಡಿತು. ಕರ್ನಲ್‌ನ ಒಳಗಿನ ಜೋಡಣೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತದೆ, ಅದು ಹಾಗೇ ಇರುತ್ತದೆಂದು ಲಿನಕ್ಸ್‌ನವರು ಯಾರಿಗೂ ಮಾತು ಕೊಟ್ಟಿಲ್ಲ. ಹೊರಗಿನ ಮಾಡ್ಯೂಲ್ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಹೊಲಿಸಿಕೊಳ್ಳಬೇಕು. ಆ ದರ್ಜಿಯ ಹೆಸರು ಡಿಕೆಎಂಎಸ್. ಹೊಸ ಕರ್ನಲ್ ಬಂದ ಕೂಡಲೇ ತಾನಾಗಿಯೇ ಕೂತು ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡುತ್ತದೆ. ಸಾಮಾನ್ಯವಾಗಿ ಮಾಡುತ್ತದೆ ಎನ್ನೋಣ.

ಮಾಡದ ದಿನವನ್ನೂ ನೋಡಿದ್ದೇನೆ. ಆಗ ನಮ್ಮ ಲ್ಯಾಬಿನಲ್ಲಿ ಉಬುಂಟು 22.04 ಇತ್ತು. ರಜೆ ಮುಗಿಸಿ ಬಂದರೆ ಒಂದು ಸಾಲಿನ ಯಂತ್ರಗಳೆಲ್ಲ ದಪ್ಪ ದಪ್ಪ ಅಕ್ಷರದ ಪರದೆ ತೋರಿಸುತ್ತಿದ್ದವು. ತಾನಾಗಿ ಬಂದ ಅಪ್‌ಡೇಟ್ 6.5 ಕರ್ನಲ್ ತಂದು ಹಾಕಿತ್ತು. ಅದನ್ನು ಜಿಸಿಸಿ 12 ಎಂಬ ಕಂಪೈಲರ್‌ನಿಂದ ಕಟ್ಟಿದ್ದರು, ನಮ್ಮಲ್ಲಿ ಇದ್ದದ್ದು ಜಿಸಿಸಿ 11. ಡಿಕೆಎಂಎಸ್ ಹೊಲಿಯಲು ಕೂತಿತು, ಕರ್ನಲ್ ಕೊಟ್ಟ ಒಂದು ಆಯ್ಕೆ ಹಳೆಯ ಕಂಪೈಲರ್‌ಗೆ ಅರ್ಥವಾಗಲಿಲ್ಲ, ಅಲ್ಲಿಗೇ ಕೆಲಸ ಬಿಟ್ಟಿತು. ಕಾರ್ಡು ಹೋಯಿತು, ವೋಲ್ಟೇಜ್ ಏರಿತ್ತೇನೋ ಎಂದು ಅರ್ಧ ದಿನ ಏನೇನೋ ಮಾತಾಡಿಕೊಂಡೆವು, ನಾನೂ ಸೇರಿ. ಆಮೇಲೆ 'ವಾರ್' ಒಳಗಿನ 'ಲಿಬ್' ಒಳಗಿನ 'ಡಿಕೆಎಂಎಸ್' ಫೋಲ್ಡರಿನಲ್ಲಿ ಮೇಕ್ ಡಾಟ್ ಲಾಗ್ ತೆರೆದಾಗ ಕಾರಣ ಒಂದೇ ಸಾಲಿನಲ್ಲಿ ಬರೆದಿತ್ತು. ಜಿಸಿಸಿ 12 ಹಾಕಿದೆವು, ಸರಿಹೋಯಿತು. ಅವತ್ತಿನಿಂದ ಲಾಗ್ ತೆರೆಯದೆ ನಾನು ಯಾವ ಯಂತ್ರಕ್ಕೂ ಜ್ವರ ಬಂದಿದೆ ಎಂದು ಹೇಳುವುದಿಲ್ಲ.

ನಿಮಗೆ 'ಮಾಡ್ಯೂಲ್ ನಾಟ್ ಫೌಂಡ್' ಬಂದರೆ ನೋಡಬೇಕಾದದ್ದೂ ಇದನ್ನೇ. 'ಡಿಕೆಎಂಎಸ್ ಸ್ಟೇಟಸ್' ಎಂದು ಕೊಡಿ. ಈಗ ಓಡುತ್ತಿರುವ ಕರ್ನಲ್ ಹೆಸರಿನ ಮುಂದೆ 'ಇನ್‌ಸ್ಟಾಲ್ಡ್' ಎಂದು ಇರಬೇಕು. ಇಲ್ಲದಿದ್ದರೆ ಹೆಚ್ಚಿನ ಸಲ ಕಾರಣ ಆ ಕರ್ನಲ್‌ನ ಹೆಡರ್ ಪ್ಯಾಕೇಜ್ (ಕಂಪೈಲ್ ಮಾಡಲು ಬೇಕಾದ ಫೈಲುಗಳು) ಇಲ್ಲದಿರುವುದು. ಅದನ್ನು ಹಾಕಿ ಡ್ರೈವರ್ ಪ್ಯಾಕೇಜನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರೆ ಸಾಕು. ಅವಸರವಿದ್ದರೆ ಗ್ರಬ್ ಮೆನುವಿನ 'ಅಡ್ವಾನ್ಸ್‌ಡ್ ಆಪ್ಶನ್ಸ್'ನಲ್ಲಿ ಹಿಂದಿನ ಕರ್ನಲ್ ಇರುತ್ತದೆ. ಅದರಲ್ಲಿ ಒಳಗೆ ಹೋಗಿ ಕೆಲಸ ಮುಗಿಸಿಕೊಳ್ಳಿ, ರಿಪೇರಿ ಆಮೇಲೆ ಇದ್ದೇ ಇದೆ.

ಜಗಳ ಈಗ ತಣ್ಣಗಾಗಿದೆ, ಅದಕ್ಕೆ ಕಾರಣ ಇದೆ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ನ ಮೂಲ ಬರಹವನ್ನು ಬಹಿರಂಗ ಮಾಡಿತು. ಅಡಿಷನಲ್ ಡ್ರೈವರ್ಸ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ 'ಓಪನ್' ಎಂದು ಕಾಣುವುದು ಅದೇ. ಪೂರ್ತಿ ಮುಕ್ತ ಡ್ರೈವರ್ ಅಂತ ತಿಳಿಯಬೇಡಿ, ಲೈಬ್ರರಿಗಳ ತುಂಡು ಈಗಲೂ ಮುಚ್ಚಿದ ಪೆಟ್ಟಿಗೆಯೇ. ಓಪನ್ ಮಾಡ್ಯೂಲ್ ಕೆಲಸ ಮಾಡುವುದು ಟ್ಯೂರಿಂಗ್ ಪೀಳಿಗೆಯಿಂದ ಈಚೆಗೆ, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ. ನಿಮ್ಮ 3050ಗೆ ಎರಡೂ ನಡೆಯುತ್ತವೆ. ಆರ್‌ಟಿಎಕ್ಸ್ 50 ಸರಣಿ ಕೊಂಡವರಿಗೆ ಓಪನ್ ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ. ಮನೆಯಲ್ಲಿ ಹಳೆಯ ಜಿಟಿಎಕ್ಸ್ 10 ಸರಣಿಯ ಡೆಸ್ಕ್‌ಟಾಪ್ ಇಟ್ಟುಕೊಂಡವರು 'ಓಪನ್' ಆರಿಸಿಕೊಂಡರೆ ಕಾರ್ಡ್ ಏಳುವುದೇ ಇಲ್ಲ. ಆ ಪೀಳಿಗೆಗೆ 580 ಸರಣಿಯ ಡ್ರೈವರೇ ಕೊನೆಯದು. ಅದಕ್ಕೂ ಹಳೆಯ ಕೆಪ್ಲರ್ ಕಾರ್ಡ್‌ಗಳು 470ಕ್ಕೇ ನಿಂತುಹೋದವು, ಅದರ ಬೆಂಬಲ 2024ರಲ್ಲಿ ಮುಗಿಯಿತು. ದೊಡ್ಡ ಸಂಖ್ಯೆಯ ಡ್ರೈವರ್ ಒಳ್ಳೆಯದು ಎನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ. ಪಟ್ಟಿಯಲ್ಲಿ 'ರೆಕಮೆಂಡೆಡ್' ಅಥವಾ 'ಟೆಸ್ಟೆಡ್' ಎಂದಿರುವುದನ್ನೇ ಹಿಡಿದುಕೊಳ್ಳಿ, ಕೆಲಸ ಮಾಡಲು ಶುರುವಾದರೆ ಐದು ವಾರ ಅದನ್ನು ಬದಲಾಯಿಸಬೇಡಿ.

ಕೂಡಾ ವಿಷಯಕ್ಕೆ ಬರೋಣ, ಯಾಕೆಂದರೆ ಡ್ರೈವರ್ ಸರಿಯಾದ ಮೇಲೆ ಜನ ಅದನ್ನು ಮತ್ತೆ ಕೆಡಿಸಿಕೊಳ್ಳುವ ಜಾಗ ಇದು. ಎನ್ವಿಡಿಯಾ-ಎಸ್‌ಎಂಐ ಚೌಕಟ್ಟಿನ ಮೇಲೆ 'ಕೂಡಾ ವರ್ಷನ್ 12' ಹೀಗೇನೋ ಬರೆದಿರುತ್ತದೆ. ಕೂಡಾ ಹಾಕಿಯಾಗಿದೆ ಎಂದಲ್ಲ ಅದರ ಅರ್ಥ. ಈ ಡ್ರೈವರ್ ಗರಿಷ್ಠ ಅಷ್ಟರವರೆಗೆ ತಡೆದುಕೊಳ್ಳುತ್ತದೆ ಎಂದಷ್ಟೇ. ಮಾಡೆಲ್ ಕಲಿಸಲು ನೀವು ಪೈಟಾರ್ಚ್ ಎಂಬ ಪೈಥಾನ್ ಲೈಬ್ರರಿ ಬಳಸುತ್ತಿದ್ದರೆ, ಪೈಥಾನ್‌ನ ಇನ್‌ಸ್ಟಾಲರ್ ಆದ ಪಿಪ್‌ನಿಂದ ಹಾಕಿಕೊಂಡಾಗ ಅದಕ್ಕೆ ಬೇಕಾದ ಕೂಡಾ ಲೈಬ್ರರಿಗಳನ್ನು ಅದೇ ಹೊತ್ತು ತರುತ್ತದೆ. ನಿಮ್ಮ ಕೆಲಸಕ್ಕೆ ಯಂತ್ರದಲ್ಲಿ ಇರಬೇಕಾದದ್ದು ಡ್ರೈವರ್ ಮಾತ್ರ. ಕೂಡಾ ಟೂಲ್‌ಕಿಟ್ ಬೇಕಾಗುವುದು ಕೂಡಾದಲ್ಲೇ ಪ್ರೋಗ್ರಾಂ ಬರೆದು ಕಂಪೈಲ್ ಮಾಡುವವರಿಗೆ. ಅದನ್ನು ಹಾಕುವ ಹುಮ್ಮಸ್ಸಿನಲ್ಲಿ ಎನ್ವಿಡಿಯಾದ ರೆಪೊಸಿಟರಿಯನ್ನು (ಪ್ಯಾಕೇಜ್‌ಗಳ ಭಂಡಾರವನ್ನು) ಸೇರಿಸಿದರೆ ಅದು ತನ್ನದೇ ಡ್ರೈವರ್ ತಂದು ಉಬುಂಟುವಿನದರ ಮೇಲೆ ಕೂರಿಸಲು ನೋಡುತ್ತದೆ, ಎರಡೂ ಕಿತ್ತಾಡುತ್ತವೆ. ಪೈಥಾನ್‌ನಲ್ಲಿ 'ಟಾರ್ಚ್ ಡಾಟ್ ಕೂಡಾ ಡಾಟ್ ಈಸ್ ಅಂಡರ್‌ಸ್ಕೋರ್ ಅವೈಲಬಲ್' ಕೊಟ್ಟು 'ಟ್ರೂ' ಬಂದರೆ ನಿಮ್ಮ ಕೆಲಸ ಆಯಿತು.

ಅದಾದ ಮೇಲೆ 'ಔಟ್ ಆಫ್ ಮೆಮೊರಿ' ಎಂದು ಬಂದರೆ ಡ್ರೈವರನ್ನು ಬೈಯಬೇಡಿ. ಲ್ಯಾಪ್‌ಟಾಪ್ 3050ಗಳಲ್ಲಿ ಅನೇಕಕ್ಕೆ ಇರುವುದು 4 ಜಿಬಿ. ಬ್ಯಾಚ್ ಗಾತ್ರ (ಒಂದೇ ಸಲಕ್ಕೆ ಕೊಡುವ ಫೋಟೊಗಳ ಸಂಖ್ಯೆ) ಇಳಿಸಿ, ಎಲೆಯ ಫೋಟೊಗಳನ್ನು ಸಣ್ಣದು ಮಾಡಿ ಕೊಡಿ. ಡೆಸ್ಕ್‌ಟಾಪ್ ಚಿತ್ರವನ್ನು ಇಂಟೆಲ್ ನೋಡಿಕೊಂಡು ಎನ್ವಿಡಿಯಾದ ಮೆಮೊರಿ ಪೂರ್ತಿ ನಿಮ್ಮ ಮಾಡೆಲ್‌ಗೆ ಸಿಗಬೇಕೆಂದರೆ ಯಾವ ಗ್ರಾಫಿಕ್ಸ್ ಎಂದು ಆರಿಸುವ 'ಪ್ರೈಮ್-ಸೆಲೆಕ್ಟ್' ಅನ್ನು 'ಆನ್-ಡಿಮಾಂಡ್'ನಲ್ಲಿ ಇಡಿ.

ಇನ್ನೆರಡು ಸಣ್ಣ ತೊಡಕು ಬರುತ್ತವೆ, ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಒಂದು ದಿನ ಎನ್ವಿಡಿಯಾ-ಎಸ್‌ಎಂಐ ಇದ್ದಕ್ಕಿದ್ದಂತೆ 'ಡ್ರೈವರ್, ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಎನ್ನುತ್ತದೆ. ಹಿಂದಿನಿಂದ ಅಪ್‌ಡೇಟ್ ಬಂದು ಹೊರಗಿನ ತುಂಡು ಹೊಸದಾಗಿದೆ, ಕರ್ನಲ್ ಒಳಗೆ ಕೂತದ್ದು ಇನ್ನೂ ಹಳೆಯದು. ರೀಸ್ಟಾರ್ಟ್ ಮಾಡಿ, ಅಷ್ಟೇ. ಇನ್ನೊಂದು, ಮುಚ್ಚಳ ಮುಚ್ಚಿ ತೆರೆದ ಮೇಲೆ ಪೈಟಾರ್ಚ್‌ಗೆ ಕಾರ್ಡ್ ಕಾಣದೆ ಹೋಗುವುದು. ಎನ್ವಿಡಿಯಾ-ಯುವಿಎಂ ಎಂಬ ಮಾಡ್ಯೂಲನ್ನು ಆರ್‌ಎಂಮಾಡ್‌ನಿಂದ ಇಳಿಸಿ ಮಾಡ್‌ಪ್ರೋಬ್‌ನಿಂದ ಮತ್ತೆ ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಾತ್ರಿಯಿಡೀ ಟ್ರೇನಿಂಗ್‌ಗೆ ಬಿಡುವ ದಿನ ಮುಚ್ಚಳ ಮುಚ್ಚಲೇಬೇಡಿ.

ಪ್ರಾಜೆಕ್ಟ್ ತೋರಿಸುವ ದಿನಕ್ಕೂ ಒಂದು ಎಚ್ಚರಿಕೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ಹೋಗಿರುವುದು ಎನ್ವಿಡಿಯಾಕ್ಕೆ. ಡ್ರೈವರ್ ಎದ್ದಿಲ್ಲದಿದ್ದರೆ ಒಳಗಿನ ಪರದೆ ಚೆನ್ನಾಗಿಯೇ ಇರುತ್ತದೆ, ಪ್ರೊಜೆಕ್ಟರ್ ಮಾತ್ರ ಬರುವುದಿಲ್ಲ. ಹಿಂದಿನ ದಿನವೇ ಆ ಕೊಠಡಿಗೆ ಹೋಗಿ ತಂತಿ ಚುಚ್ಚಿ ನೋಡಿಕೊಳ್ಳಿ. ಅಂದು ರಾತ್ರಿ ಅಪ್‌ಡೇಟ್ ಬೇಕೇ ಎಂದು ಉಬುಂಟು ಕೇಳಿದರೆ, ಅದೊಂದಕ್ಕೆ ಮಾತ್ರ ಬೇಡ ಎನ್ನಿ.

ಇಷ್ಟೆಲ್ಲ ಮಾಡಿಯೂ ಕಾರ್ಡ್ ಏಳದಿದ್ದರೆ ನನಗೆ ಮತ್ತೆ ಬರೆಯಿರಿ. 'ಬರುತ್ತಿಲ್ಲ' ಎಂದಷ್ಟೇ ಬರೆದರೆ ನಾನೂ ಅಂಗಡಿಯವರ ಹಾಗೆ ಊಹೆ ಹೇಳಬೇಕಾಗುತ್ತದೆ. ಮಾಡ್‌ಪ್ರೋಬ್ ಏನೆಂದು ಬೈಯಿತು, ಡಿಕೆಎಂಎಸ್ ಸ್ಟೇಟಸ್ ಏನು ತೋರಿಸಿತು, ಯಾವ ಕರ್ನಲ್ ಎಂದು ಯುನೇಮ್ ಡ್ಯಾಶ್ ಆರ್ ಹೇಳಿತು, ಮೇಕ್ ಡಾಟ್ ಲಾಗ್ ಇದ್ದರೆ ಅದರ ಕೊನೆಯ ಇಪ್ಪತ್ತು ಸಾಲು. ಫೋಟೊ ತೆಗೆದಲ್ಲ, ಕಾಪಿ ಮಾಡಿ.